ಆರುನೂರನೆಯ ಹಕ್ಕಿಗೆ ಸಾಕ್ಷಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಓದುವವರು ಕ್ಷಮಿಸಬೇಕು. ಹಕ್ಕಿ ನೋಡುವವರ ಬಗ್ಗೆ ಬರೆಯಲು ಹಕ್ಕಿ ಬಲ್ಲವರು ಬೇಕು. ನಾನು ಐದು ವರ್ಷ ಕತ್ತೆತ್ತಿ ತಿರುಗಿ, ಇನ್ನೂರು ಹಕ್ಕಿಗಳ ಗಡಿಯನ್ನು ಮೂರು ಸಲ ದಾಟಿ ಮೂರು ಸಲವೂ ಹಿಂದಕ್ಕೆ ಬಂದವನು. ನನ್ನ ಬಿ.ಎಸ್ಸಿ. ಬೆಂಗಳೂರಿನ ಸಂಜೆ ಕಾಲೇಜಿನದು. ಹಗಲು ಕಾಲೇಜಿನವರಿಗೆ ಏನೋ ಹೆಚ್ಚು ಹೇಳಿಕೊಟ್ಟಿರಬೇಕು ಎಂಬ ಗುಮಾನಿ ಸಂಜೆ ಕಾಲೇಜಿನವರನ್ನು ಸಾಯುವ ತನಕ ಬಿಡುವುದಿಲ್ಲ. ನಮ್ಮ ಪ್ರಾಣಿಶಾಸ್ತ್ರದ ತರಗತಿ ಶುರುವಾಗುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತಿತ್ತು. ಗೂಬೆ ಬಿಟ್ಟು ಬೇರೆ ಹಕ್ಕಿ ತೋರಿಸಲು ಮೇಷ್ಟ್ರಿಗೂ ಅವಕಾಶವಿರಲಿಲ್ಲ.

ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಆ ದಿನ ಅಲ್ಲಿದ್ದವರು ಇಬ್ಬರೇ. ಒಬ್ಬರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಇನ್ನೊಬ್ಬ ನಾನು.

ಕೊರೊನಾ ಬಂದ ವರ್ಷ ಆಫೀಸು ಮುಚ್ಚಿ ಎಲ್ಲರೂ ಮನೆಯಲ್ಲಿ ಕೂತಾಗ ನನಗೆ ಈ ಹುಚ್ಚು ಹಿಡಿಯಿತು. ಅಮೆರಿಕದ ಶ್ಯಾಂಟಿಲಿ ಎಂಬ ಊರಿನ ಕಂಪನಿಯೊಂದರಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಕೆಲಸ. ಅಲ್ಲೇ ಹತ್ತಿರದ ಆಲ್ಡಿಯಲ್ಲಿರುವ ನಮ್ಮ ಟೌನ್‌ಹೋಮಿನ ಹಿಂದೆ ಮಳೆನೀರು ನಿಲ್ಲಲೆಂದು ಬಿಲ್ಡರ್ ತೋಡಿಸಿದ ಹೊಂಡವೊಂದಿದೆ. ಮನೆ ಮಾರುವಾಗ ಅದನ್ನು ಲೇಕ್ ಎಂದು ಕರೆದಿದ್ದರು. ಏಪ್ರಿಲ್‌ನ ಒಂದು ಬೆಳಿಗ್ಗೆ ಆ ಕಡೆಯಿಂದ ಒಂದು ಹಕ್ಕಿ ಕೂಗಿತು. ಒಂದೇ ಸ್ವರ, ಚೂಪಾಗಿ, ಒಮ್ಮೆ ಮಾತ್ರ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಫೋನಿನಲ್ಲಿ ನೂರಾರು ಹಕ್ಕಿಗಳ ಧ್ವನಿ ಹಾಕಿ ಕೇಳಿದೆ, ಯಾವುದಕ್ಕೂ ಹೊಂದಲಿಲ್ಲ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕಿಟಕಿಯ ಬಳಿ ನಿಂತು ಕಾದೆ. ಮರುದಿನವೂ ಕೂಗಿತು. ಬಹಳ ಅಪರೂಪದ, ಬಹುಶಃ ದಾರಿ ತಪ್ಪಿ ಬಂದ ಹಕ್ಕಿ ಎಂದು ತೀರ್ಮಾನಿಸಿ, ಫೋನಿನಲ್ಲಿ ಹೊಸದೊಂದು ಪಟ್ಟಿ ತೆರೆದು ಮೊದಲ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

"ರೀ, ಅದು ಮನೆ ಒಳಗೇ ಕೂಗ್ತಿದೆ," ಎಂದಳು ನನ್ನ ಹೆಂಡತಿ ಸಿದ್ದೇಶ್ವರಿ.

"ಒಳಗೆ ಹೇಗೆ ಬರತ್ತೆ? ಕಿಟಕಿ ಎಲ್ಲ ಹಾಕಿದೆ."

ಅವಳು ಕುರ್ಚಿ ಹತ್ತಿ ಬ್ಯಾಟರಿ ಮುಗಿಯುತ್ತ ಬಂದರೆ ಆಗಾಗ ಕೂಗುವ ಹಾಲ್‌ನ ಸ್ಮೋಕ್ ಅಲಾರಮ್ಮಿಗೆ ಹೊಸ ಬ್ಯಾಟರಿ ಹಾಕಿದಳು. ಆ ಹಕ್ಕಿ ಅಂದಿನಿಂದ ಉತ್ತರ ಅಮೆರಿಕದಲ್ಲಿ ಎಲ್ಲೂ ಕಂಡುಬಂದಿಲ್ಲ.

ಈ ಸುದ್ದಿಯನ್ನು ಸಿದ್ದೇಶ್ವರಿ ಸಂಜೆಯ ವಾಕಿಂಗ್‌ನಲ್ಲಿ ಆರಡಿ ದೂರದಿಂದ ಹೊಂಡದ ಆಚೆ ಮನೆಯ ರಾಜಲಕ್ಷ್ಮಿ ಆಂಟಿಗೆ ಹೇಳಿದಳು. ಆಂಟಿ ತಮ್ಮ ಗಂಡನಿಗೆ ಹೇಳಿದರು. ಮಾರನೆಯ ದಿನ ಹೊಂಡದ ಆಚೆ ದಡದಿಂದ, ಮಾಸ್ಕ್ ಹಾಕಿದ ಎತ್ತರದ ಮುದುಕರೊಬ್ಬರು ಕೂಗಿ ಕೇಳಿದರು:

"ಬ್ಯಾಟರಿ ಹಕ್ಕಿ ಕಂಡುಹಿಡಿದೋನು ನೀನೇನಯ್ಯ?"

ಹೀಗೆ ನನಗೆ ಡಾಕ್ಟರ್ ಗುರುರಾಜರ ಪರಿಚಯವಾಯಿತು. ಮೈಸೂರಿನವರು. ಎಪ್ಪತ್ತೆರಡರಲ್ಲಿ ಈ ದೇಶಕ್ಕೆ ಬಂದು, ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿ, ನಿವೃತ್ತಿಯ ನಂತರ ಆಲ್ಡಿಗೆ ಬಂದವರು. ದೇಹದಿಂದ ಕೊಯ್ದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಇದೆಯೋ ಇಲ್ಲವೋ ಹೇಳುವುದು ಅವರ ವೃತ್ತಿ. "ವಾರವೆಲ್ಲ ಕೆಳಗೆ ಬಗ್ಗಿ ನೋಡ್ತಿದ್ದೆ. ಭಾನುವಾರ ಮೇಲೆ ನೋಡಿ ಕತ್ತು ಸರಿ ಮಾಡ್ಕೊತಿದ್ದೆ," ಎನ್ನುತ್ತಿದ್ದರು. ಆ ಕತ್ತಿನ ಚಿಕಿತ್ಸೆ ಬೆಳೆದು ಪಟ್ಟಿಯಾಗಿತ್ತು.

ಹಕ್ಕಿ ನೋಡುವವರಿಗೆ ಈ ಪಟ್ಟಿಯೇ ಆಸ್ತಿ. ಜೀವಮಾನದಲ್ಲಿ ಕಂಡ ಪ್ರತಿ ಜಾತಿಗೂ ಒಂದು ಸಾಲು. ಮೊದಲ ಸಲ ಕಂಡ ಹಕ್ಕಿಗೆ ಲೈಫರ್ ಎನ್ನುತ್ತಾರೆ. ಯಾರೂ ಬಂದು ತಪಾಸಣೆ ಮಾಡುವುದಿಲ್ಲ. ನೋಡಿದೆ ಎಂದರೆ ನೋಡಿದೆ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

"ದೊಡ್ಡ ಪಟ್ಟಿ ಆಗಕ್ಕೆ ಎಷ್ಟು ವರ್ಷ ಬೇಕು ಅಂಕಲ್?" ಎಂದು ನಾನು ಮೊದಲ ವಾರವೇ ಕೇಳಿದೆ.

"ಮೊದಲ ಮುನ್ನೂರಕ್ಕೆ ಆರು ವರ್ಷ ಆಯ್ತು. ಆಮೇಲಿನ ಇನ್ನೂರಕ್ಕೆ ಹದಿನೈದು. ಕಡೇ ನೂರಕ್ಕೆ ಇಪ್ಪತ್ತೇಳು ವರ್ಷದಿಂದ ಅಲೀತಿದೀನಿ, ಇನ್ನೂ ಒಂದು ಬಾಕಿ."

ಐನೂರ ತೊಂಬತ್ತೊಂಬತ್ತು. ಅದನ್ನು ಅವರು ವಯಸ್ಸು ಹೇಳಿದ ಹಾಗೆ ಹೇಳುತ್ತಿದ್ದರು.

ಬೇಗ ಮಾಡುವವರೂ ಇದ್ದಾರೆ. ಅಟ್ಲಾಂಟಾದ ಪಕ್ಕ ಜಾನ್ಸ್ ಕ್ರೀಕ್‌ನಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ಶ್ರೀಕರ್ ನನ್ನ ಜೊತೆಗೇ ಶುರು ಮಾಡಿ, ಅರಿಝೋನಾ, ಟೆಕ್ಸಸ್, ಅಲಾಸ್ಕಾ ಎಂದು ವಿಮಾನ ಹತ್ತಿಳಿದು, ಪ್ರತಿ ಊರಿನಲ್ಲೂ ಗೈಡ್ ಇಟ್ಟುಕೊಂಡು ಮೂರೇ ವರ್ಷಕ್ಕೆ ಐನೂರು ಮುಟ್ಟಿದ. ಗೈಡ್ ಬೆರಳು ತೋರಿಸುತ್ತಾನೆ, ಶ್ರೀಕರ್ ಫೋಟೋ ಹೊಡೆಯುತ್ತಾನೆ, ಮುಂದಿನ ಹಕ್ಕಿ. ನನ್ನನ್ನು ಕಂಡರೆ ಅವನಿಗೆ ಪ್ರೀತಿಯ ಕನಿಕರ. "ವೀರಣ್ಣ, ನಿಮ್ಮ ಲಿಸ್ಟು ಷೇರ್ ಮಾರ್ಕೆಟ್ ಥರ," ಎಂದು ವಾಟ್ಸಾಪ್‌ನಲ್ಲಿ ಬರೆದಿದ್ದ. "ಕೆಳಗೂ ಹೋಗತ್ತಲ್ರೀ."

ಹೋಗುತ್ತದೆ. ಕೊರೊನಾ ವರ್ಷದಲ್ಲಿ ಮಂಗಳವಾರ ಸಂಜೆಗಳಲ್ಲಿ ನಡೆಯುತ್ತಿದ್ದ ಆನ್‌ಲೈನ್ ಹಕ್ಕಿ ತರಗತಿಗೆ ಸೇರಿದ್ದೆ. ಸಂಜೆ ತರಗತಿ ಎಂದರೆ ನನಗೆ ಹಳೆಯ ಸೆಳೆತ. ಅಲ್ಲಿನ ಮೇಡಂ ಮೊದಲ ದಿನವೇ, ಸಂಶಯವಿದ್ದರೆ ಪಟ್ಟಿಗೆ ಸೇರಿಸಬೇಡಿ ಎಂದರು. ಉಳಿದವರು ಅದನ್ನು ಕೇಳಿ ಮರೆತರು. ನಾನು ಪಾಲಿಸಿದೆ. ಪ್ರತಿ ತಿಂಗಳ ಕೊನೆಯಲ್ಲಿ ಹಳೆಯ ಸಾಲುಗಳನ್ನು ಒಂದೊಂದಾಗಿ ಓದಿ, ನಿಜವಾಗಿಯೂ ನೋಡಿದ್ದೆನೇ ಎಂದು ನನ್ನನ್ನೇ ಪಾಟೀಸವಾಲು ಮಾಡುತ್ತೇನೆ. ಆ ತಿಂಗಳು ನಾಲ್ಕು ಸೇರಿಸಿದ್ದರೆ ಐದು ಅಳಿಸುತ್ತೇನೆ. ಈ ವೇಗದಲ್ಲಿ ಆರುನೂರು ಮುಟ್ಟಲು ಎಷ್ಟು ವರ್ಷ ಬೇಕು ಎಂದು ಮಗಳು ಅಕ್ಷಯಾಳನ್ನು ಕೇಳಿದೆ. ಅವಳಿಗೆ ಗಣಿತ ಚೆನ್ನಾಗಿ ಬರುತ್ತದೆ. "ಅಪ್ಪ, ಇಟ್ಸ್ ನೆಗೆಟಿವ್," ಎಂದಳು. "ಯೂ ಹ್ಯಾವ್ ಟು ಗೋ ಬ್ಯಾಕ್ ಇನ್ ಟೈಮ್."

ಇನ್ನು ರಾಜಲಕ್ಷ್ಮಿ ಆಂಟಿಯ ಡಬ್ಬಿಯ ವಿಷಯ. ಡಾಕ್ಟರಿಗೆ ಸಕ್ಕರೆ ಕಾಯಿಲೆ, ಅದರ ಜೊತೆಗೆ ಸಿಹಿಯ ಚಪಲ. ಮದುವೆಯಾದ ಹೊಸದರಲ್ಲಿ ಹೊಸ ಹಕ್ಕಿ ಕಂಡ ದಿನ ಆಂಟಿ ಸಂತೋಷಕ್ಕೆ ರವೆ ಉಂಡೆ ಕಟ್ಟುತ್ತಿದ್ದರಂತೆ. ಕಾಯಿಲೆ ಬಂದ ಮೇಲೆ ಅದೇ ಕಾನೂನಾಯಿತು. ಹಕ್ಕಿ ನೋಡಲು ಹೊರಟಾಗ ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಉಂಡೆ ಜೊತೆಗೆ ಬರುತ್ತದೆ. ಹೊಸ ಹಕ್ಕಿ ಸಿಕ್ಕರೆ ಡಬ್ಬಿ ತೆಗೆಯಬಹುದು. ಸಿಗದಿದ್ದರೆ ಹಾಗೇ ವಾಪಸ್ಸು. ಮನೆಗೆ ಬಂದಾಗ ಆಂಟಿ ಹಕ್ಕಿ ಸಿಕ್ಕಿತೇ ಎಂದು ಕೇಳುವುದಿಲ್ಲ. ಡಬ್ಬಿ ಎತ್ತಿ ತೂಕ ನೋಡುತ್ತಾರೆ.

"ಮೊದಲ ವರ್ಷಗಳಲ್ಲಿ ಎಷ್ಟು ಉಂಡೆ ತಿಂದೆ ಗೊತ್ತಾ," ಎಂದು ಡಾಕ್ಟರು ನಿಟ್ಟುಸಿರು ಬಿಡುತ್ತಿದ್ದರು. "ಈಗ ಎರಡು ವರ್ಷಕ್ಕೆ ಒಂದು ಹಕ್ಕಿ. ಅವಳ ಪ್ರಕಾರ ನನ್ನ ಶುಗರ್ ಕಂಟ್ರೋಲ್‌ಗೆ ಇದಕ್ಕಿಂತ ಒಳ್ಳೇ ಔಷಧಿ ಇಲ್ಲ."

ಅವರು ಒಮ್ಮೆಯೂ ಮೋಸ ಮಾಡಿದವರಲ್ಲ.

ಎರಡು ವರ್ಷದ ಹಿಂದೆ ಅವರ ಕಣ್ಣು ಕೆಟ್ಟಿತು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ನೋಟದ ನಡುಮಧ್ಯೆ ಮಸಿ ಬೊಟ್ಟು ಇಟ್ಟ ಹಾಗೆ ಕಪ್ಪು. ಇಂಜೆಕ್ಷನ್ ಕೊಟ್ಟರು. ಕಪ್ಪು ನಿಧಾನವಾಗಿ ಅಗಲವಾಗುತ್ತ ಹೋಯಿತು. ನೇರ ನೋಡಿದ್ದು ಕಾಣುವುದಿಲ್ಲ, ಅಕ್ಕಪಕ್ಕದ್ದು ಕಾಣುತ್ತದೆ. ಎದುರಿಗೆ ಕೂತವರ ಮುಖ ನೋಡಬೇಕಾದರೆ ಅವರು ಗೋಡೆಯ ಕಡೆ ತಿರುಗಬೇಕು. ಹೊಸಬರು ಇದೇನು ಮಾತಾಡಿಸುತ್ತಲೇ ಮುಖ ತಿರುಗಿಸಿಕೊಂಡರಲ್ಲ ಎಂದು ನೊಂದುಕೊಳ್ಳುತ್ತಿದ್ದರು.

ಡಿಸೆಂಬರಿನಲ್ಲಿ ಅವರು ನನ್ನನ್ನು ಕರೆಸಿ, ನನ್ನ ಹಿಂದಿನ ಗೋಡೆ ನೋಡುತ್ತ ಹೇಳಿದರು:

"ಈ ಚಳಿಗಾಲ ಕಳೆದ್ರೆ ಇದೂ ಇರಲ್ಲ ಅಂದಿದಾರೆ ಕಣಯ್ಯ. ನನಗೆ ಇನ್ನೊಂದೇ ಹಕ್ಕಿ ಬೇಕು. ನೀನು ಡ್ರೈವ್ ಮಾಡ್ತೀಯಾ?"

ಅವರಿಗೆ ಬೇಕಿದ್ದದ್ದು ನೆಲ್ಸನ್ ಗುಬ್ಬಿ. ಇದರಲ್ಲೊಂದು ತೊಡಕಿದೆ. ಕಡಲಂಚಿನ ಉಪ್ಪು ಜೌಗಿನಲ್ಲಿ ಎರಡು ಗುಬ್ಬಿಗಳು ಇರುತ್ತವೆ: ಒಂದು ನೆಲ್ಸನ್, ಇನ್ನೊಂದು ಸಾಲ್ಟ್‌ಮಾರ್ಷ್. ಎರಡರ ಮುಖವೂ ಕಿತ್ತಳೆ. ಬಹಳ ಕಾಲ ತಜ್ಞರೇ ಎರಡನ್ನೂ ಒಂದೇ ಹಕ್ಕಿ ಎಂದುಕೊಂಡಿದ್ದರು. ಸಾಲ್ಟ್‌ಮಾರ್ಷ್‌ಗೆ ಎದೆಯ ಮೇಲಿನ ಗೆರೆಗಳು ಕಪ್ಪಗೆ, ಸ್ಪಷ್ಟ. ನೆಲ್ಸನ್‌ಗೆ ಅವು ಮಸುಕು, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ. ಸಾಲ್ಟ್‌ಮಾರ್ಷನ್ನು ಡಾಕ್ಟರು ಎಂದೋ ಡೆಲವೇರ್‌ನಲ್ಲಿ ನೋಡಿದ್ದರು. ಚಳಿಗಾಲದಲ್ಲಿ ಎರಡೂ ಕರೋಲಿನಾದ ತೀರಕ್ಕೆ ಬಂದು ಹುಲ್ಲಿನ ಬುಡದಲ್ಲಿ ಇಲಿಗಳಂತೆ ಓಡಾಡಿಕೊಂಡಿರುತ್ತವೆ. ಕಡಲು ಉಕ್ಕುವ ದೊಡ್ಡ ಭರತ ಬಂದಾಗ ಮಾತ್ರ ನೀರು ಮೇಲೇರಿ, ಕಾಲಿಡಲು ಜಾಗವಿಲ್ಲದೆ, ಹುಲ್ಲಿನ ತುದಿಗೆ ಬಂದು ಕೂರುತ್ತವೆ.

"ಒಂದು ಗುರುತು ನಾನು ನೋಡಬೇಕು," ಎಂದರು ಡಾಕ್ಟರು. "ಮುಖದ ಕಿತ್ತಳೆ ನನಗೆ ಸೈಡಲ್ಲಿ ಕಂಡೇ ಕಾಣತ್ತೆ. ಎದೆಯ ಗೆರೆ ಕಾಣಲ್ಲ. ಅದಕ್ಕೆ ನಿನ್ನ ಕಣ್ಣು ಬಾಡಿಗೆಗೆ. ನೀನು ಮಸುಕು ಅಂದ್ರೆ ಮಸುಕು. ನಾನು ಮತ್ತೆ ಕೇಳಲ್ಲ."

ಮನೆಗೆ ಬಂದು ಹೇಳಿದಾಗ ಸಿದ್ದೇಶ್ವರಿ ಒಗ್ಗರಣೆ ಸೌಟು ಕೆಳಗಿಟ್ಟಳು.

"ನಿಮ್ಮನ್ನ ಸಾಕ್ಷಿಗೆ ಕರ್ಕೊಂಡು ಹೋಗ್ತಿದಾರಾ? ಬೇಳೆ ಬೆಂದಿದೆಯಾ ನೋಡ್ರಿ ಅಂದ್ರೆ, ಮೇಲ್ನೋಟಕ್ಕೆ ಬೆಂದಂಗಿದೆ ಅನ್ನೋ ಮನುಷ್ಯ ನೀವು."

"ಅದೇ ನಾನೂ ಹೇಳಿದೆ. ಬೇರೆ ಯಾರನ್ನಾದ್ರೂ ಕರ್ಕೊಳ್ಳಿ ಅಂದೆ."

"ಅವರೇನಂದ್ರು?"

"ಬೇರೆಯವರು ನನ್ನನ್ನ ಖುಷಿಪಡಿಸಕ್ಕೆ ಹೌದು ಅಂದುಬಿಡ್ತಾರೆ. ನಿನಗೆ ಆ ಧೈರ್ಯ ಇಲ್ಲ ಅಂದ್ರು."

ಜನವರಿಯ ದೊಡ್ಡ ಭರತಕ್ಕೆ ಹೊಂದಿಸಿಕೊಂಡು ಹೊರಟೆವು. ಸಿದ್ದೇಶ್ವರಿ ಚಪಾತಿ, ಪಲ್ಯ ಕಟ್ಟಿದಳು. ಆಂಟಿ ಡಬ್ಬಿಯನ್ನು ಡಾಕ್ಟರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು, "ವೀರಣ್ಣ, ನಿಮ್ಮ ಜವಾಬ್ದಾರಿ," ಎಂದರು. ನಾನು ಅದನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದೆ.

ಫ್ರೆಡೆರಿಕ್ಸ್‌ಬರ್ಗ್ ಬಳಿ ಎಂದಿನಂತೆ ಟ್ರಾಫಿಕ್ ನಿಂತಿತ್ತು. ದೀಪದ ಕಂಬದ ಮೇಲೆ ದೊಡ್ಡ ಹಕ್ಕಿಯೊಂದು ಕೂತಿತ್ತು. ಡಾಕ್ಟರು ಕಿಟಕಿಯ ಅಂಚಿಗೆ ಮುಖ ಓರೆ ಮಾಡಿ ಕೇಳಿದರು:

"ಯಾವುದದು?"

"ರೆಡ್‌ಟೇಲ್ಡ್ ಹಾಕ್ ಇರಬಹುದು ಅಂಕಲ್."

"ಇರಬಹುದು?"

"ಬಾಲ ಕಾಣ್ತಿಲ್ಲ."

"ಇಂಟರ್‌ಸ್ಟೇಟ್ ಕಂಬದ ಮೇಲೆ ಇನ್ಯಾವುದು ಕೂರತ್ತಯ್ಯ? ಗರುಡ ವಿಷ್ಣುನ್ನ ಇಳಿಸಿ ಬಂದು ಕೂತಿದಾನಾ?"

ಕರೋಲಿನಾದ ವಿಲ್ಮಿಂಗ್ಟನ್ ತಲುಪುವ ತನಕ ಹೀಗೇ ತಾಲೀಮು ನಡೆಯಿತು. ಕಾಗೆಗೂ ನಾನು ಎರಡು ಆಯ್ಕೆ ಕೊಟ್ಟೆ. ಅಲ್ಲಿ ಎರಡು ಜಾತಿಯ ಕಾಗೆಗಳಿವೆ, ಕೂಗಿದರೆ ಮಾತ್ರ ಗೊತ್ತಾಗುತ್ತದೆ, ತಪ್ಪು ನನ್ನದಲ್ಲ.

ಮರುದಿನ ಬೆಳಿಗ್ಗೆ ಜೌಗಿನ ನಡುವೆ ಹಾದುಹೋಗುವ ಕಿರಿದಾದ ಏರಿಯ ಮೇಲೆ ಮಡಚುವ ಕುರ್ಚಿ ಹಾಕಿ ಡಾಕ್ಟರನ್ನು ಕೂರಿಸಿದೆ. ಮುಂದೆ ಸ್ಟ್ಯಾಂಡಿನ ಮೇಲೆ ನನ್ನ ಟೆಲಿಸ್ಕೋಪು. ಗಾಳಿ ಬಿರುಸಾಗಿತ್ತು. ನೀರು ಏರುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಒಮ್ಮೆ ಆಚೆ ನೋಡಿ ಮತ್ತೆ ಈಚೆ ನೋಡಿದರೆ ಹುಲ್ಲು ಗಿಡ್ಡವಾಗಿರುತ್ತಿತ್ತು. ಕೊನೆಗೆ ತುದಿಗಳಷ್ಟೇ ಉಳಿದವು. ಆಗ ಬಂದವು. ಒಂದು, ಎರಡು, ಅಲ್ಲೊಂದು ಇಲ್ಲೊಂದು ಕಂದು ಗುಬ್ಬಿ ಚಿಮ್ಮಿ ಹುಲ್ಲಿನ ತುದಿ ಹಿಡಿದು ಜೋಲಿ ಹೊಡೆಯತೊಡಗಿದವು.

"ಎಡಕ್ಕೆ," ಎಂದರು ಡಾಕ್ಟರು. ಅವರು ನೋಡುತ್ತಿದ್ದದ್ದು ಬಲಕ್ಕೆ. "ಕಿತ್ತಳೆ. ಕಂಡೆ. ನಾನು ನನ್ನದು ಕಂಡೆ ವೀರಣ್ಣ. ಬೇಗ, ಗೆರೆ ನೋಡು."

ಟೆಲಿಸ್ಕೋಪನ್ನು ಎಡಕ್ಕೆ ತಿರುಗಿಸಿದೆ. ಸಿಕ್ಕಿತು. ಕಿತ್ತಳೆ ಮುಖ, ಬೂದು ಕೆನ್ನೆ. ಎದೆ ಅರ್ಧ ನನ್ನ ಕಡೆಗಿತ್ತು. ಗಾಳಿಗೆ ಹುಲ್ಲು ಬಾಗಿದಾಗ ಗರಿಗಳು ಕೆದರುತ್ತಿದ್ದವು. ಗೆರೆ ಇತ್ತು. ಮಸುಕಾಗಿತ್ತೇ? ಮಸುಕಾದದ್ದು ಗೆರೆಯೋ, ಗಾಳಿಗೆ ನೀರು ತುಂಬಿದ ನನ್ನ ಕಣ್ಣೋ?

"ಹೇಳು."

"ನೆಲ್ಸನ್ ಅನ್ಸತ್ತೆ ಅಂಕಲ್. ಎಪ್ಪತ್ತು ಪರ್ಸೆಂಟ್."

ಡಾಕ್ಟರು ಬಹಳ ತಾಳ್ಮೆಯಿಂದ ಹೇಳಿದರು: "ವೀರಣ್ಣ, ಒಬ್ಬ ಮನುಷ್ಯನ ಹೊಟ್ಟೆಯಿಂದ ಚೂರು ತೆಗೆದು ನನಗೆ ಕಳಿಸ್ತಾರೆ. ಎಪ್ಪತ್ತು ಪರ್ಸೆಂಟ್ ಕ್ಯಾನ್ಸರ್ ಅಂತ ಬರೆದು ಕಳಿಸ್ಲಾ? ನಮ್ಮ ಹತ್ರ ಮೂರೇ ರಿಪೋರ್ಟು. ಇದೆ. ಇಲ್ಲ. ಸ್ಯಾಂಪಲ್ ಸಾಲದು. ಮೂರರಲ್ಲಿ ಒಂದು ಹೇಳು."

ಆಗ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಹಕ್ಕಿ ಇನ್ನೂ ಕೂತಿತ್ತು. ಇನ್ನೊಂದು ಹೆಜ್ಜೆ ಬಲಕ್ಕೆ ಸರಿದರೆ ಎದೆ ಪೂರ್ತಿ ಕಾಣುತ್ತದೆ, ಎಪ್ಪತ್ತು ನೂರಾಗುತ್ತದೆ ಎನ್ನಿಸಿತು. ಸರಿದೆ. ಏರಿಯ ಅಂಚು ಹುಲ್ಲಿನಡಿ ಎಲ್ಲಿ ಮುಗಿಯುತ್ತದೆಂದು ನೋಡಲಿಲ್ಲ. ಜೀವನದಲ್ಲಿ ಪ್ರತಿಯೊಂದನ್ನೂ ಎರಡು ಸಲ ಪರೀಕ್ಷಿಸುವವನು ಆ ಒಂದು ಹೆಜ್ಜೆಯನ್ನು ಪರೀಕ್ಷಿಸದೆ ಇಟ್ಟೆ. ಒಂದು ಕಾಲು ಮೊಣಕಾಲಿನ ತನಕ ಕೆಸರಿಗೆ ಹೋಯಿತು. ಕೈ ಆಸರೆಗೆ ಹುಡುಕಿ ಟೆಲಿಸ್ಕೋಪಿನ ಸ್ಟ್ಯಾಂಡನ್ನು ಹಿಡಿಯಿತು. ಅದೂ ನನ್ನ ಜೊತೆ ಬಂತು. ಆ ಸದ್ದಿಗೆ ಜೌಗಿನಲ್ಲಿದ್ದ ಅಷ್ಟೂ ಗುಬ್ಬಿಗಳು ಒಟ್ಟಿಗೆ ಎದ್ದು, ಗಾಳಿಗೆ ಸಿಕ್ಕ ತರಗೆಲೆಗಳ ಹಾಗೆ ಆಚೆ ದಂಡೆಗೆ ಹೋದವು.

"ಏನಾಯ್ತು?" ಎಂದರು ಡಾಕ್ಟರು. ನಾನು ನೇರ ಎದುರಿಗೇ ಬಿದ್ದಿದ್ದರಿಂದ ಅವರಿಗೆ ಕಾಣಲಿಲ್ಲ.

"ಬಿದ್ದೆ ಅಂಕಲ್."

"ಹಕ್ಕಿ?"

"ಹೋಯ್ತು ಅಂಕಲ್."

ಅವರು ಕುರ್ಚಿಯಲ್ಲಿ ಕೂತಿದ್ದವರು ಪಕ್ಕಕ್ಕೆ ತಿರುಗಿದರು. ಆ ಭಂಗಿಯಲ್ಲಿ ನಾನು ಕಂಡಿರಬೇಕು. ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆಂದು ನನ್ನ ಜೀವ ಹೋಯಿತು. ನಗುತ್ತಿದ್ದರು. "ಎದ್ದೇಳಯ್ಯ, ಬ್ಯಾಟರಿ ಹಕ್ಕಿ," ಎಂದರು.

ನೀರು ಇಳಿಯುವ ತನಕ ಕಾದೆವು. ಗುಬ್ಬಿಗಳು ಆ ಕಡೆಯಿಂದ ಬರಲಿಲ್ಲ. ಆ ಚಳಿಗಾಲದಲ್ಲಿ ಅಷ್ಟು ದೊಡ್ಡ ಭರತ ಮತ್ತೆ ಬರುವ ಹೊತ್ತಿಗೆ ಅವರ ಕಣ್ಣು ಕಿತ್ತಳೆಯನ್ನೂ ಕಾಣುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಾರಿನಲ್ಲಿ ಹೀಟರ್ ಹಾಕಿ, ನನ್ನ ಕಾಲಿಗೆ ಟವೆಲ್ ಸುತ್ತಿಕೊಂಡು ಕೂತಾಗ ಡಾಕ್ಟರು ಕೈ ಚಾಚಿದರು. "ಡಬ್ಬಿ ಕೊಡು."

"ಅಂಕಲ್, ಆಂಟಿ ಹೇಳಿದ್ದು..."

"ಕೊಡಯ್ಯ."

ಮುಚ್ಚಳ ತೆಗೆದು ಒಂದು ಉಂಡೆ ಎತ್ತಿ, ಬೆರಳಿನಿಂದ ತಡಕಿ, ಸರಿಯಾಗಿ ಎರಡು ಭಾಗ ಮಾಡಿದರು. ಪುಡಿ ಉದುರಿಸದೆ ರವೆ ಉಂಡೆಯನ್ನು ಅರ್ಧ ಮಾಡುವುದು ಸುಲಭವಲ್ಲ. ಜೀವನವಿಡೀ ಚೂರುಗಳನ್ನು ಕೊಯ್ದ ಕೈ ಅದು. ಅರ್ಧ ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು.

"ನನ್ನ ಪಾಲಿನ ಗುರುತು ನಾನು ನೋಡಿದೀನಿ. ಇದು ಅದಕ್ಕೆ. ಇನ್ನರ್ಧ ನೀನು ಹೇಳಿದ ದಿನ."

ಮನೆಗೆ ಬಂದಾಗ ಆಂಟಿ ಡಬ್ಬಿ ಎತ್ತಿದರು, ತೂಕ ಅರ್ಥವಾಗದೆ ಮುಚ್ಚಳ ತೆಗೆದರು. "ಇದೇನ್ರೀ ಇದು? ಹಕ್ಕಿ ಅರ್ಧ ಸಿಕ್ತಾ?"

"ಅರ್ಧ ಸಿಕ್ತು. ಇನ್ನರ್ಧ ವೀರಣ್ಣನ ತಲೇಲಿದೆ," ಎಂದರು ಡಾಕ್ಟರು.

ಶ್ರೀಕರ್ ವಾಟ್ಸಾಪ್‌ನಲ್ಲಿ ಫೋಟೋ ಕೇಳಿದ. ಕೆಸರಾದ ನನ್ನ ಪ್ಯಾಂಟಿನ ಫೋಟೋ ಕಳಿಸಿದೆ.

ಆ ವರ್ಷ ನಾನು ಅನುಭವಿಸಿದ್ದು ನನಗೇ ಗೊತ್ತು. ವಾಕಿಂಗ್‌ನಲ್ಲಿ ಸಿಕ್ಕಾಗಲೆಲ್ಲ ಡಾಕ್ಟರು, "ಏನಯ್ಯ, ರಿಪೋರ್ಟ್ ಬಂತಾ?" ಎನ್ನುತ್ತಿದ್ದರು. ನಾನು ಪುಸ್ತಕಗಳನ್ನು ನೋಡಿದೆ, ನೂರಾರು ಫೋಟೋ ನೋಡಿದೆ, ಫ್ಯಾನ್ ಎದುರು ಕೂತು ಕಣ್ಣಲ್ಲಿ ನೀರು ತುಂಬಿಸಿಕೊಂಡು ಫೋಟೋ ನೋಡಿದೆ. ಸೋಮವಾರ ನೆಲ್ಸನ್ ಎನ್ನಿಸುತ್ತಿತ್ತು, ಗುರುವಾರ ಸಾಲ್ಟ್‌ಮಾರ್ಷ್. ಸಿದ್ದೇಶ್ವರಿಗೆ ಸಾಕಾಗಿ, "ಹೌದು ಅಂದುಬಿಡ್ರಿ ಅತ್ಲಾಗೆ. ಎಂಬತ್ತರ ಮನುಷ್ಯ, ಅರ್ಧ ಉಂಡೆ ತಿಂದು ಖುಷಿಯಾಗಿರ್ತಾರೆ," ಎಂದಳು. ಒಂದು ದಿನ ಅದನ್ನೇ ಹೇಳಬೇಕೆಂದು ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಡಾಕ್ಟರೇ. ಕಣ್ಣು ಅಷ್ಟರಲ್ಲಿ ಇನ್ನೂ ಮಂದವಾಗಿತ್ತು. ಯಾರು ಎಂದು ಕೇಳಿದರು. ನಾನು ಹವಾಮಾನದ ಬಗ್ಗೆ ಮಾತಾಡಿ ವಾಪಸ್ಸು ಬಂದೆ.

ಮುಂದಿನ ಜನವರಿಯಲ್ಲಿ ಮತ್ತೆ ದೊಡ್ಡ ಭರತ ಬಂದಾಗ ಒಬ್ಬನೇ ಹೋದೆ. ಎರಡು ಗುಬ್ಬಿಗಳನ್ನೂ ಒಮ್ಮೆ ಸ್ಪಷ್ಟವಾಗಿ ನೋಡಿಬಿಟ್ಟರೆ, ಹಿಂದಿನ ವರ್ಷ ಕಂಡದ್ದು ಯಾವುದೆಂದು ಹೋಲಿಸಿ ಹೇಳಬಹುದು ಎಂಬುದು ನನ್ನ ಲೆಕ್ಕ. ಡಾಕ್ಟರು ಬರಲಿಲ್ಲ. "ನನಗೀಗ ಕಿತ್ತಳೆ, ಹಸಿರು ಎಲ್ಲ ಒಂದೇ. ನೀನು ಹೋಗಿ ನೋಡಿ ಬಾ," ಎಂದರು. ಆಂಟಿ ನಾಲ್ಕು ಉಂಡೆ ಕಟ್ಟಿಕೊಟ್ಟರು.

ಅದೇ ಏರಿ. ಈ ಸಲ ಗಾಳಿ ಇರಲಿಲ್ಲ. ಸ್ಟ್ಯಾಂಡು ಊರಿದ ಜಾಗದಿಂದ ಕದಲಲಿಲ್ಲ. ನೀರು ಏರಿತು, ಗುಬ್ಬಿಗಳು ಬಂದವು. ಒಂದು ನೆಲ್ಸನ್, ಅದರಿಂದ ಮಾರು ದೂರದಲ್ಲಿ ಒಂದು ಸಾಲ್ಟ್‌ಮಾರ್ಷ್, ಎರಡೂ ಬಿಸಿಲಿಗೆ ಎದೆಯೊಡ್ಡಿ ಪುಸ್ತಕದ ಚಿತ್ರಗಳಂತೆ ಕೂತವು. ಮಸುಕು ಎಂದರೇನು, ಸ್ಪಷ್ಟ ಎಂದರೇನು ಎಂದು ಮಗುವಿಗೂ ಗೊತ್ತಾಗುವ ಹಾಗಿತ್ತು. ನನಗೆ ಸಂಶಯವೇ ಬರಲಿಲ್ಲ. ಬರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಸ್ವಲ್ಪ ಕಳವಳವಾಯಿತು. ಡಬ್ಬಿಯನ್ನು ಮುಟ್ಟಲಿಲ್ಲ.

ಮರುದಿನ ಸಂಜೆ ಡಾಕ್ಟರ ಮನೆಗೆ ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಹೇಳು," ಎಂದರು.

"ಎರಡೂ ನೋಡಿದೆ ಅಂಕಲ್."

"ಪರ್ಸೆಂಟು?"

"ನೂರು."

ಆಂಟಿ ಅಡುಗೆಮನೆಯಿಂದ ಇಣುಕಿದರು.

"ಹಾಗಿದ್ರೆ ಈಗ ನಿನಗೆ ಎರಡೂ ಗೊತ್ತು. ಹೋದ ವರ್ಷದ್ದು ಯಾವುದು?"

ಕಣ್ಣು ಮುಚ್ಚಿ ಆ ದಿನದ ಹಕ್ಕಿಯನ್ನು ನೆನೆದೆ. ಹುಲ್ಲು ಬಂತು, ಗಾಳಿ ಬಂತು, ಡಾಕ್ಟರು ಎಡಕ್ಕೆ ಎಂದದ್ದು ಕೇಳಿಸಿತು. ಆದರೆ ಹುಲ್ಲಿನ ತುದಿಯಲ್ಲಿ ಕೂತಿದ್ದದ್ದು ಹಿಂದಿನ ದಿನ ಬಿಸಿಲಿನಲ್ಲಿ ಕಂಡ ನೆಲ್ಸನ್ ಗುಬ್ಬಿ. ಅಂದಿನ ಹಕ್ಕಿಯನ್ನು ಎಬ್ಬಿಸಿ ಇದು ಬಂದು ಕೂತುಬಿಟ್ಟಿತ್ತು. ಖಚಿತ ಮಾಡಿಕೊಳ್ಳಲು ಹೋಗಿ ಎರಡನೆಯ ಸಲವೂ ನಾನೇ ಅದನ್ನು ಓಡಿಸಿದ್ದೆ.

ಕಣ್ಣು ತೆರೆದಾಗ ಡಾಕ್ಟರು ನನ್ನ ಪಕ್ಕದ ಗೋಡೆಯ ಕಡೆ ಮುಖ ಮಾಡಿದ್ದರು. ಎಂದರೆ ನನ್ನನ್ನೇ ನೋಡಲು ಪ್ರಯತ್ನಿಸುತ್ತಿದ್ದರು. ನೆಲ್ಸನ್ ಎಂಬ ಮೂರಕ್ಷರ ಬಾಯಿಯ ತನಕ ಬಂದಿತ್ತು. ನಂಬಲು ಅವರು ಸಿದ್ಧರಿದ್ದರು. ಮತ್ತೆ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರು.

"ಸ್ಯಾಂಪಲ್ ಸಾಲದು ಅಂಕಲ್," ಎಂದೆ.

ಹೊಂಡದ ಕಡೆಯಿಂದ ಬಾತುಗಳ ಸದ್ದು ಕೇಳುತ್ತಿತ್ತು.

"ಹ್ಞೂಂ," ಎಂದರು ಡಾಕ್ಟರು ಕೊನೆಗೆ. "ಒಂದು ವರ್ಷ ಬೇಕಾಯ್ತು ನಿನಗೆ. ಆದ್ರೂ ಇದು ರಿಪೋರ್ಟು." ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೇಳಿದರು: "ರಾಜೀ, ಐನೂರ ತೊಂಬತ್ತೊಂಬತ್ತಕ್ಕೆ ಮುಗೀತು ಕಣೇ."

"ಆಯ್ತು ಬಿಡಿ," ಎಂದರು ಆಂಟಿ. ಬಂದು ಡಬ್ಬಿ ತೆಗೆದು, ನನಗೆ ಎರಡು ಹೊಸ ಹಕ್ಕಿಯಾದ್ದರಿಂದ ತಟ್ಟೆಯಲ್ಲಿ ಎರಡು ಉಂಡೆ ಇಟ್ಟರು.

"ನನ್ನ ಅರ್ಧ ಎಲ್ಲಿ?" ಎಂದರು ಡಾಕ್ಟರು.

"ಅದನ್ನ ಅವತ್ತೇ ನಾನು ತಿಂದೆ. ಇವರ ತಲೆಯಿಂದ ಹಕ್ಕಿ ಹೊರಗೆ ಬರೋ ತನಕ ಉಂಡೆ ಇಡಕ್ಕಾಗತ್ತಾ?"

ಡಾಕ್ಟರು ಕಿಟಕಿಯ ಕಡೆ ಮುಖ ತಿರುಗಿಸಿದರು. ಬೇಸರವಾಯಿತೇನೋ ಎಂದುಕೊಂಡೆ. ಅಷ್ಟರಲ್ಲಿ ಅವರ ಕೈ ಮೇಜಿನ ಮೇಲೆ ನಿಧಾನವಾಗಿ ಸರಿದು ಬಂದು, ನನ್ನ ತಟ್ಟೆಯಿಂದ ಒಂದು ಉಂಡೆಯನ್ನು ಎತ್ತಿಕೊಂಡಿತು. ಆಂಟಿ ಅಲ್ಲೇ ನಿಂತಿದ್ದರು. ಅವರೂ ಕಿಟಕಿಯ ಕಡೆ ನೋಡಿದರು.

ನನ್ನ ಪಟ್ಟಿ ನಾಲ್ಕನೆಯ ಸಲ ಗಡಿ ದಾಟಿ, ಅದರಲ್ಲಿ ಈಗ ಇನ್ನೂರ ಒಂದು ಹಕ್ಕಿಗಳಿವೆ. ಈ ತಿಂಗಳ ಕೊನೆ ಇನ್ನೂ ಬಂದಿಲ್ಲ. ದೊಡ್ಡ ಪಟ್ಟಿ ಕಟ್ಟಲು ಎಷ್ಟು ವರ್ಷ ಬೇಕು ಎಂದು ಹೊಸಬರು ನನ್ನನ್ನೂ ಕೇಳುತ್ತಾರೆ, ನನಗೆ ಗೊತ್ತಿಲ್ಲ. ಆ ಬೆಳಿಗ್ಗೆ, ನಾನು ಕೆಸರಿಗೆ ಬೀಳುವ ಮೊದಲು, ಹುಲ್ಲಿನ ತುದಿಯಲ್ಲಿ ಕೂತಿದ್ದದ್ದು ಯಾವ ಹಕ್ಕಿ ಎಂಬುದೂ ನನಗೆ ಗೊತ್ತಿಲ್ಲ.